ನೆಟ್ಟಗೆ ಹೊಲಿದ ತಪ್ಪಿಗೆ

ಚೆಕಿಂಗ್ ಅಕ್ಕನ ಕಷ್ಟಕ್ಕೆಲ್ಲ ಕಾರಣ ಅವಳ ಹೊಲಿಗೆ ನೆಟ್ಟಗಿದ್ದದ್ದು. ಸೊಟ್ಟಗೆ ಹೊಲಿದು ಬೈಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇವೆ. ನೆಟ್ಟಗೆ ಹೊಲಿದು ಬೈಸಿಕೊಂಡವಳು ಮಾತ್ರ ಇವಳೊಬ್ಬಳೇ.

ಹದಿನೆಂಟು ವರ್ಷ ಅವಳು ಬಟ್ಟೆ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸ ಮಾಡಿದ್ದಳು. ಮೆಷಿನ್ನಿನಿಂದ ಇಳಿದ ಅಂಗಿಗಳನ್ನು ದೀಪದ ಕೆಳಗೆ ಹರಡಿ, ಹೊಲಿಗೆ ಜಾರಿದ ಕಡೆಯಲ್ಲೆಲ್ಲ ಉಗುರಿನಷ್ಟು ಪುಟ್ಟ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸ್ ಎಸೆಯುವುದು ಅವಳ ಕೆಲಸ. ಕಾರ್ಖಾನೆ ಮುಚ್ಚಿದ ದಿನ ಉಳಿದಿದ್ದ ಸ್ಟಿಕ್ಕರ್ ಸುರುಳಿಯನ್ನು ಪರ್ಸಿಗೆ ಹಾಕಿಕೊಂಡು ಮನೆಗೆ ಬಂದಳು. ಇನ್ನು ಮೆಷಿನ್ನಿನ ಮುಖ ನೋಡುವುದಿಲ್ಲ ಎಂದು ಶಪಥ ಮಾಡಿ, ಕೈಯಲ್ಲೇ ಬಟ್ಟೆಚೀಲ ಹೊಲಿಯಲು ಕೂತಳು. ಜಾಹೀರಾತು ಕಂಪನಿಯಲ್ಲಿದ್ದ ನಾದಿನಿ ಅದಕ್ಕೆ 'ಸೂಜಿಮನೆ' ಎಂದು ಹೆಸರಿಟ್ಟು, ಆನ್‌ಲೈನ್ ಸಂತೆಯೊಂದರ ಕೈಕೆಲಸದ ಸಾಲಿನಲ್ಲಿ ಅಂಗಡಿ ತೆರೆದುಕೊಟ್ಟಳು.

ಎರಡು ತಿಂಗಳಲ್ಲಿ ಹೋದದ್ದು ನಾಲ್ಕೇ ಚೀಲ. ಅದರಲ್ಲಿ ಮೂರು ವಾಪಸ್ ಬಂದವು. ಮೂರಕ್ಕೂ ಒಂದೇ ದೂರು: ಇದು ಮೆಷಿನ್ ಹೊಲಿಗೆ, ಕೈಹೊಲಿಗೆ ಅಂತ ಮೋಸ. ನಾಲ್ಕನೆಯದನ್ನು ಕೊಂಡವರು ಮಾತ್ರ ಐದು ನಕ್ಷತ್ರ ಕೊಟ್ಟು, 'ಇಂಥ ಹೊಲಿಗೆಯನ್ನೇ ಹುಡುಕುತ್ತಿದ್ದೆ' ಎಂದು ಬರೆದಿದ್ದರು. ಆ ಸಾಲನ್ನು ಅಕ್ಕ ಔಷಧಿಯ ಹಾಗೆ ದಿನಕ್ಕೆ ಮೂರು ಹೊತ್ತು ಓದುತ್ತಿದ್ದಳು.

ಶನಿವಾರ ಬೆಳಿಗ್ಗೆ ಸಂತೆಯವರಿಂದ ನೋಟಿಸ್ ಬಂತು. ಸಂಜೆ ಐದರೊಳಗೆ ಕೈಹೊಲಿಗೆ ಎಂಬುದಕ್ಕೆ ರುಜುವಾತು ಕೊಡದಿದ್ದರೆ 'ಸೂಜಿಮನೆ'ಯನ್ನು ಮೆಷಿನ್ ಸರಕಿನ ಸಾಲಿಗೆ ತಳ್ಳುತ್ತಾರಂತೆ. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅಂಗಡಿ ಹೋದರೆ ಹೋಗಲಿ, ತನ್ನ ಹತ್ತು ಬೆರಳನ್ನೇ ಸುಳ್ಳು ಅಂದರಲ್ಲ ಎಂಬುದು ಅವಳ ಸಂಕಟ.

ನಾದಿನಿ ರಜೆ ಹಾಕಿ ಓಡಿಬಂದಳು. "ಅತ್ತಿಗೆ, ಸುಮ್ನೆ ನಾಲ್ಕು ಹೊಲಿಗೆ ಸೊಟ್ಟ ಹಾಕ್ಬಿಡಿ. ಸೊಟ್ಟ ಇದ್ರೇನೇ ಜನಕ್ಕೆ ಕೈ ಕಾಣ್ಸೋದು. ಬ್ರ್ಯಾಂಡ್ ಅಂದ್ರೆ ಅದೇ."

"ಹದಿನೆಂಟು ವರ್ಷ ಸೊಟ್ಟ ಹೊಲಿಗೆನ ಹಿಡಿದು ಹಿಡಿದು ಬಿಸಾಕಿದೀನಿ. ಈಗ ಕೈಯಾರೆ ಹಾಕ್ಲಾ? ಅಂಗಡಿ ಮುಚ್ಚಿದ್ರೂ ಹಾಕಲ್ಲ ಹೋಗೇ."

ಅಷ್ಟರಲ್ಲಿ ಮಹಡಿ ಮನೆಯ ಮೇಷ್ಟ್ರು, ಕರೆಯದಿದ್ದರೂ, ಇಳಿದು ಬಂದರು. ನಿವೃತ್ತರಾದ ಮೇಲೆ ಅವರಿಗೆ ಪಾಠ ಮಾಡಲು ಈ ವಠಾರವೊಂದೇ ಉಳಿದಿತ್ತು. ಬ್ರ್ಯಾಂಡಿಗೆ ಒಂದು ಕತೆ ಬೇಕು, 'ಅಜ್ಜಿ ಕಲಿಸಿದ ಹೊಲಿಗೆ' ಎಂದು ಬರೆಯಬೇಕು ಎಂದು ಅಪ್ಪಣೆ ಕೊಡಿಸಿದರು. ತನ್ನ ಅಜ್ಜಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ, ಗುಂಡಿ ಕಿತ್ತುಹೋದರೆ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು, ಸತ್ತವಳ ಮೇಲೆ ಇಲ್ಲದ ಗುಣ ಹೊರಿಸುವುದಿಲ್ಲ ಎಂದು ಅಕ್ಕ ಖಡಾಖಂಡಿತವಾಗಿ ಹೇಳಿದಳು. ಮೇಷ್ಟ್ರಿಗೆ ಬೇಜಾರಾಯಿತು, ಆದರೂ ಎದ್ದು ಹೋಗಲಿಲ್ಲ.

ಕೊನೆಗೆ ವಿಡಿಯೊ ಮಾಡುವುದೆಂದಾಯಿತು. ಅಕ್ಕ ಕಿಟಕಿಯ ಬಳಿ ಕೂತು ಹೊಲಿದಳು, ನಾದಿನಿ ಮೊಬೈಲು ಹಿಡಿದಳು, ಮೇಷ್ಟ್ರು ಪರದೆ ಸರಿಸಿ ಬೆಳಕು ಬಿಟ್ಟರು. ಎರಡು ತಾಸಿನ ಹೊಲಿಗೆಯನ್ನು ಯಾರು ನೋಡುತ್ತಾರೆಂದು ನಾದಿನಿ ಅದನ್ನು ಎರಡು ನಿಮಿಷಕ್ಕೆ ಓಡಿಸಿ, ಕೋಣೆಯಲ್ಲೇ ಹಿಡಿದ ಸದ್ದನ್ನು ಅದಕ್ಕೆ ಕೂಡಿಸಿ ಕಳಿಸಿಬಿಟ್ಟಳು. ಅಕ್ಕನ ಕೈ ಅದರಲ್ಲಿ ಟಕಟಕ ಮೇಲೆ ಕೆಳಗೆ ಹಾರುತ್ತಿತ್ತು. ಅದೂ ಸಾಲದೆಂಬಂತೆ, ಮೇಷ್ಟ್ರು ಕೆಳಗಿಳಿಯುವ ಮುಂಚೆ ತಮ್ಮ ಮನೆಯ ಬಟ್ಟೆ ಒಗೆಯುವ ಮೆಷಿನ್ನು ಹಾಕಿ ಬಂದಿದ್ದರು. ಅದರ ಗರಗರ ಸದ್ದು ಅಚ್ಚುಕಟ್ಟಾಗಿ ವಿಡಿಯೊದೊಳಗೆ ಕೂತಿತ್ತು. ಸಂತೆಯವರು ಒಂದೇ ಸಾಲು ಬರೆದರು: 'ಮೆಷಿನ್ ಸದ್ದು ಸ್ಪಷ್ಟವಾಗಿ ಕೇಳುತ್ತಿದೆ, ಬೇರೆ ರುಜುವಾತು ಕೊಡಿ.'

ಆಗ ಗಂಟೆ ನಾಲ್ಕು. ನಾದಿನಿ ಮುಖ ಮುಚ್ಚಿಕೊಂಡಳು. ಮೇಷ್ಟ್ರು ಬಟ್ಟೆ ಒಣಗಿಹಾಕಬೇಕೆಂದು ಏಳಹೊರಟರು. ಅಕ್ಕ ಮಾತ್ರ ಸೆರಗು ಸಿಕ್ಕಿಸಿಕೊಂಡು ನಿಂತಳು. ತನ್ನ ಹೊಲಿಗೆ ಏನೆಂದು ಬಲ್ಲವರು ಈ ಊರಲ್ಲಿ ಒಬ್ಬರಾದರೂ ಇದ್ದಾರೆ, ಅವರ ಕೈಯಿಂದಲೇ ಸಾಕ್ಷಿ ಬರೆಸಿಕೊಂಡು ಬರುತ್ತೇನೆ ಎಂದಳು. ನಾಲ್ಕನೇ ಚೀಲದ ಕೊರಿಯರ್ ಚೀಟಿ ಹುಡುಕಿದರೆ ವಿಳಾಸ ಎರಡೇ ಬೀದಿ ಆಚೆ. ಮೂವರೂ ದಡದಡ ಹೊರಟರು.

ಮನೆ ನಂಬರು ಹುಡುಕಿಕೊಂಡು ಹೋಗಿ ನಿಂತದ್ದು ಒಂದು ಅಂಗಡಿಯ ಮುಂದೆ. ಅದು ಹೊಲಿಗೆ ಮೆಷಿನ್ ಮಾರುವ ಅಂಗಡಿ. ಗಾಜಿನ ಹಿಂದೆ ಫಳಫಳ ಹೊಳೆಯುವ ಮೆಷಿನ್ನು, ಅದರ ಪಕ್ಕದಲ್ಲೇ ಅಕ್ಕನ ಚೀಲ. ಚೀಲದ ಕೆಳಗೆ ಒಂದು ಬೋರ್ಡು: 'ನಮ್ಮ ಮೆಷಿನ್ನಿನಲ್ಲಿ ಹೊಲಿದದ್ದು. ಹೊಲಿಗೆ ನೋಡಿ, ಆಮೇಲೆ ಕೊಳ್ಳಿ.'

ಅಂಗಡಿಯವನು ನಾಚಿಕೊಳ್ಳಲೂ ಇಲ್ಲ. ತನ್ನ ಮೆಷಿನ್ನಿನಲ್ಲಿ ಹೊಲಿದದ್ದು ಅಷ್ಟು ನೆಟ್ಟಗೆ ಬರಲಿಲ್ಲ, ಅದಕ್ಕೇ ಹುಡುಕಿ ಹುಡುಕಿ ಇದನ್ನು ತರಿಸಿದೆ ಎಂದು ಒಪ್ಪಿಕೊಂಡ. ಸಾಕ್ಷಿ ಬರೆದುಕೊಡು ಎಂದಾಗ ಮಾತ್ರ ಕೈ ಮುಗಿದ.

"ಅಕ್ಕಾ, ನಿಮ್ಮ ಕೈಗೆ ದೊಡ್ಡ ನಮಸ್ಕಾರ. ಆದ್ರೆ ಬರೆದುಕೊಟ್ರೆ ನಾನು ಅಂಗಡಿ ಬಾಗ್ಲು ಹಾಕ್ಬೇಕಾಗತ್ತೆ. ಈ ಚೀಲ ನೋಡಿ ಇವತ್ತಷ್ಟೇ ಒಬ್ರು ಮೆಷಿನ್ ತಗೊಂಡ್ರು. ಒಳಗೆ ಪ್ಯಾಕ್ ಮಾಡಿಸ್ತಿದಾರೆ."

ಯಾರಪ್ಪ ಆ ಬೆಪ್ಪ ಎಂದು ಅಕ್ಕ ಒಳಗೆ ಇಣುಕಿದಳು. ದೊಡ್ಡ ಪೆಟ್ಟಿಗೆಯೊಂದನ್ನು ತಬ್ಬಿಕೊಂಡು ಹೊರಗೆ ಬಂದದ್ದು ಅವಳ ಗಂಡ. ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು, ಊರವರ ಕಣ್ಣು ಪರೀಕ್ಷೆ ಮಾಡುವ ಗಂಡ.

"ನಿಂಗೆ ಗೊತ್ತಾಗದ ಹಾಗೆ ಮನೆಗೆ ತರೋಣ ಅಂತಿದ್ದೆ," ಎಂದ ಅವನು, ಸಿಕ್ಕಿಬಿದ್ದರೂ ಖುಷಿಯಲ್ಲೇ. "ಎಷ್ಟು ದಿನ ಅಂತ ಸೂಜಿ ಚುಚ್ಚಿಸಿಕೊಳ್ತೀಯ. ಅಲ್ಲಿ ತೂಗುಹಾಕಿರೋ ಚೀಲ ನೋಡು. ವಾರದಿಂದ ದಿನಾ ನಿಂತು ನೋಡ್ತಿದೀನಿ. ಮನುಷ್ಯರ ಕೈಲಿ ಆಗೋ ಕೆಲಸ ಅಲ್ಲ ಕಣೆ ಅದು."

ಎರಡು ತಿಂಗಳು ಅದೇ ಚೀಲದ ದಾರದ ತುಂಡುಗಳ ಮೇಲೆ ಕಾಲಿಟ್ಟು ಓಡಾಡಿದ ಮನುಷ್ಯ. ನಾದಿನಿ ಅಣ್ಣನನ್ನು ನೋಡಿ ತುಟಿ ಕಚ್ಚಿಕೊಂಡಳು. ಅಕ್ಕ ಪರ್ಸು ತೆರೆದು ಸುರುಳಿಯಿಂದ ಒಂದು ಕೆಂಪು ಬಾಣ ಕಿತ್ತು, ಗಂಡನ ಅಂಗಿಯ ಮೇಲೆ, ಎದೆಯ ನಡುಮಧ್ಯಕ್ಕೆ, ನೆಟ್ಟಗೆ ಅಂಟಿಸಿದಳು.

ಪೆಟ್ಟಿಗೆ ವಾಪಸ್ ತಗೊಳ್ಳಿ ಎಂದು ನಾದಿನಿ ಕೇಳಿದರೆ, ಮಾರಿದ ಮಾಲು ವಾಪಸ್ ಇಲ್ಲ ಎಂದು ಅಂಗಡಿಯವನು ಗೋಡೆಯ ಮೇಲಿನ ಬರಹದ ಕಡೆ ಕೈ ತೋರಿಸಿದ. ಐದು ಗಂಟೆಗೆ ಸರಿಯಾಗಿ, ಎದೆಯ ಮೇಲೆ ಬಾಣ, ತಲೆಯ ಮೇಲೆ ಮೆಷಿನ್ನು ಹೊತ್ತ ಗಂಡನೊಡನೆ ಅಕ್ಕ ವಠಾರಕ್ಕೆ ಬಂದಳು. ಜಗಲಿಯಲ್ಲಿದ್ದವರೆಲ್ಲ ಎದ್ದು ನಿಂತರು. ಎದುರುಮನೆಯಾಕೆ ಪಕ್ಕದವಳಿಗೆ, "ನಾನು ಹೇಳ್ಲಿಲ್ವಾ, ಮೊದ್ಲಿಂದ್ಲೂ ಮೆಷಿನ್ನಲ್ಲೇ ಹೊಲಿತಿದ್ಲು. ಹಳೇದು ಕೆಟ್ಟಿರ್ಬೇಕು," ಎಂದದ್ದು ಎಲ್ಲರಿಗೂ ಕೇಳಿಸಿತು. ಅದೇ ಹೊತ್ತಿಗೆ ನಾದಿನಿಯ ಮೊಬೈಲು ಸದ್ದು ಮಾಡಿತು. 'ಸೂಜಿಮನೆ' ಮೆಷಿನ್ ಸರಕಿನ ಸಾಲಿಗೆ ಹೋಗಿತ್ತು.

"ಈಗ್ಲಾದ್ರೂ ಒಂದೇ ಒಂದು ಸೊಟ್ಟ ಹಾಕಿ ಅತ್ತಿಗೆ," ಎಂದು ಅವಳು ಅಂಗಲಾಚಿದಳು.

ಅಕ್ಕ ಗಂಡನ ತಲೆಯಿಂದ ಪೆಟ್ಟಿಗೆ ಇಳಿಸಿ, ಬಿಚ್ಚದೆ, ಎಲ್ಲರಿಗೂ ಕಾಣುವ ಹಾಗೆ ಬಾಗಿಲ ಮುಂದೆ ಇಡಿಸಿದಳು. ಆಮೇಲೆ ಅದರ ಮೇಲೆ ಗಟ್ಟಿಯಾಗಿ ಕೂತು, ಸೂಜಿಗೆ ದಾರ ಪೋಣಿಸಿ, ಐದನೇ ಚೀಲ ಶುರುಮಾಡಿದಳು. ಕೂರಲು ಎತ್ತರ ಸರಿಯಾಗಿತ್ತು.