ಕಿವಿ ಆರಿಂಚು, ಆಡಿಗೆ ಮೂರು ಕಣ್ಣು

ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರು ಮೂವತ್ತು ವರ್ಷದಿಂದ ಟೈಲರ್ ಅಂಗಡಿ ಇಟ್ಟುಕೊಂಡಿದ್ದೇನೆ. ಜನ ಬಟ್ಟೆ ಹೊಲಿಸಲು ಬರುತ್ತಾರೆ ಎಂದು ಮೊದಲು ತಿಳಿದಿದ್ದೆ. ಅದೊಂದು ನೆಪ ಅಷ್ಟೇ. ಈ ಮಳೆಗಾಲ ನಡೆದದ್ದನ್ನೇ ಕೇಳಿ.

ಕಿವಿಯ ಅಳತೆ

ಕಾಲೇಜು ಹುಡುಗಿಯೊಬ್ಬಳು ಬಂದು ಮೊಬೈಲು ಮುಂದೆ ಹಿಡಿದಳು. ಜಪಾನಿನ ಕಾರ್ಟೂನ್ ಧಾರಾವಾಹಿ. ಕಾರ್ಟೂನ್ ಅನ್ನಬಾರದಂತೆ, ಅನಿಮೆ ಅನ್ನಬೇಕಂತೆ. ಅದರಲ್ಲಿ ಟೊಪ್ಪಿಯಿರುವ ಉದ್ದ ಮೇಲಂಗಿ ತೊಟ್ಟ ಒಬ್ಬ ಮಂತ್ರಗಾತಿ, ಪಕ್ಕದಲ್ಲಿ ಮೂರು ಕಣ್ಣಿನ ಮುದ್ದಾದ ಆಡು. ಚಿಕ್ಕಮಗಳೂರಿನಲ್ಲಿ ವೇಷಭೂಷಣ ಸ್ಪರ್ಧೆಯಿತ್ತು. ಅದಕ್ಕೆ ಅವಳಿಗೆ ಆ ಮೇಲಂಗಿ ಬೇಕಿತ್ತು.

"ನಮ್ಮ ಕ್ಲಾಸಲ್ಲಿ ಇದನ್ನ ಯಾರೂ ನೋಡಲ್ಲ ಅಂಕಲ್. ಬಹುಮಾನ ಬರದಿದ್ರೂ ಪರ್ವಾಗಿಲ್ಲ. ಒಬ್ರಾದ್ರೂ ನನ್ನ ನೋಡಿ, ಇವಳು ಆ ಮಂತ್ರಗಾತಿ ಅಂತ ಗುರ್ತು ಹಿಡೀಬೇಕು."

ಭುಜ, ಎದೆ, ಉದ್ದ ಬರೆದುಕೊಂಡೆ. ಚಿತ್ರದಲ್ಲಿ ಮಂತ್ರಗಾತಿಯ ಕಿವಿ ಟೊಪ್ಪಿಯಿಂದ ಆಚೆ ಬಂದಿತ್ತು. ಎಷ್ಟುದ್ದ ಎಂದು ಕೇಳಿದೆ. "ಆರಿಂಚು. ರಟ್ಟಲ್ಲಿ ಮಾಡ್ಕೊಂಡಿದೀನಿ" ಎಂದಳು. ಅವಳ ಕಿವಿಯ ಹತ್ತಿರ ಟೇಪು ಹಿಡಿದು ಅದನ್ನೂ ಬರೆದೆ.

ರವಿಕೆ ಹೊಲಿಸಲು ಬಂದಿದ್ದ ಟೀಚರೊಬ್ಬರು ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಅವರ ಸರದಿ ಬಂತು. ಅಳತೆ ಮುಗಿಸಿ ಪುಸ್ತಕ ಮುಚ್ಚಿದೆ. ಅವರು ಓಲೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದರು.

"ಕಿವೀದು ತಗೊಳಲ್ವಾ?"

ನೆರಳು ಜಾಸ್ತಿ

ಮೇಲಂಗಿ ಹೇಗೆ ಬೀಳುತ್ತದೆ ಎಂದು ತಿಳಿಯಲು ನಾಲ್ಕು ಭಾಗವಾದರೂ ನೋಡಿ ಎಂದು ಹುಡುಗಿ ಧಾರಾವಾಹಿಯನ್ನು ನನ್ನ ಮೊಬೈಲಿಗೆ ಹಾಕಿಕೊಟ್ಟಿದ್ದಳು. ತಾನು ಎಂಟನೇ ಭಾಗಕ್ಕೆ ನಿಲ್ಲಿಸಿದ್ದಾಳಂತೆ. ಉಳಿದದ್ದನ್ನು ಸ್ಪರ್ಧೆ ಮುಗಿದ ಮೇಲೆ ನೋಡಲು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ.

ನನಗೆ ಮೊದಲ ನೋಟಕ್ಕೆ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ. ಒಂದೇ ಭಾಗದಲ್ಲಿ ಆ ಮಂತ್ರಗಾತಿ ಮೂವರು ರಾಕ್ಷಸರನ್ನು ಹೊಡೆದಳು, ಹೊಳೆಗೆ ಬಿದ್ದಳು, ಬೆಂಕಿಯೊಳಗೆ ನಡೆದಳು. ಒಂದು ಹೊಲಿಗೆಯೂ ಬಿಚ್ಚಲಿಲ್ಲ. ಆ ಊರಿನ ಟೈಲರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಆ ಹೊತ್ತಿಗೆ ಪ್ಲಾಂಟರೊಬ್ಬರು ಪ್ಯಾಂಟಿನ ಸೊಂಟ ಬಿಡಿಸಲು ಬಂದರು. ಮೊಬೈಲಿನಲ್ಲಿ ಆಕಾಶ ಮುಚ್ಚುವಂಥ ಕಾಡು. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಇದೇನ್ ಮಾರಾಯ, ಈ ಪರಿ ನೆರಳು? ಮರಗಸಿ ಮಾಡ್ಸಿ ಎಷ್ಟು ವರ್ಷ ಆಯ್ತೋ. ಇದ್ರ ಕೆಳಗೆ ಕಾಫಿ ಹಾಕಿದ್ರೆ ಒಂದ್ ಕಾಯಿ ನಿಲ್ಲಲ್ಲ."

"ಅದು ದೇವತೆಗಳ ಕಾಡಂತೆ ಸಾರ್."

"ಯಾರ್ದಾದ್ರೂ ಆಗ್ಲಿ, ಕೊಂಬೆ ಕಡಿಸ್ಲೇಬೇಕು."

ಅಷ್ಟರಲ್ಲಿ ರಾಕ್ಷಸನೊಬ್ಬ ಬಂದು ಇಡೀ ಕಾಡಿಗೆ ಬೆಂಕಿಯಿಟ್ಟ. ಪ್ಲಾಂಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇಷ್ಟೊಂದ್ ಬಿಸಿಲು ಬೇಡಾಗಿತ್ತು" ಎಂದರು.

ಬಾರದ ಭಾಷೆ

ಅಂಗಡಿಯಲ್ಲಿ ಕಾಜಾ, ಗುಂಡಿ ನನ್ನ ಹೆಂಡತಿಯ ಪಾಲು. ಧಾರಾವಾಹಿಯ ಮಾತು ಜಪಾನಿ, ಕೆಳಗಿನ ಅಕ್ಷರ ಇಂಗ್ಲಿಷು. ಎರಡೂ ಅವಳಿಗೆ ಬಾರದು. ನಾನು ನಾಲ್ಕು ಭಾಗಕ್ಕೆ ನಿಲ್ಲಿಸಿದೆ, ಅವಳು ನಿಲ್ಲಿಸಲಿಲ್ಲ.

"ನಿಂಗೆ ಏನು ಅರ್ಥ ಆಗತ್ತೆ ಇದ್ರಲ್ಲಿ?" ಎಂದೆ.

"ಮುಖ ನೋಡಿದ್ರೆ ತಿಳಿಯಲ್ವಾ? ಮದ್ವೆ ಆದಾಗಿಂದ ನೀವೇನು ಬಾಯಿಬಿಟ್ಟು ಹೇಳಿದೀರಿ?"

ವುಲನ್

ಬಟ್ಟೆ ಬೂದು ಬಣ್ಣದ್ದಾಗಬೇಕು, ದಪ್ಪಗಿರಬೇಕು. ಮೂಡಿಗೆರೆಯಲ್ಲಿ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಹೆಂಡತಿ ಟ್ರಂಕಿನಿಂದ ನಮ್ಮಪ್ಪನ ಕಂಬಳಿ ತೆಗೆದಳು. ಮಳೆಗಾಲವಿಡೀ ಅದನ್ನೇ ಕೊಪ್ಪೆ ಮಾಡಿ ತಲೆಯಿಂದ ಹೊದ್ದು ಅಪ್ಪ ತೋಟದ ಕೆಲಸಕ್ಕೆ ಹೋಗುತ್ತಿದ್ದರು. ಕತ್ತರಿ ಹಾಕುವ ಮೊದಲು ಅದನ್ನೊಮ್ಮೆ ಕಣ್ಣಿಗೊತ್ತಿಕೊಂಡೆ.

ಹುಡುಗಿ ಹಾಕಿ ನೋಡಿದಳು. ಚಿತ್ರದಲ್ಲಿದ್ದ ಹಾಗೇ ಕೂತಿತು. "ಯಾವ ಬಟ್ಟೆ ಅಂಕಲ್ ಇದು?" ಎಂದಳು.

"ವುಲನ್" ಎಂದೆ. ಸುಳ್ಳೇನಲ್ಲ.

ಗುರುತು

ಸ್ಪರ್ಧೆಯ ದಿನ ಸಂಜೆ ಹುಡುಗಿ ಚಿಕ್ಕಮಗಳೂರಿನ ಬಸ್ಸಿನಿಂದ ಇಳಿದು ನೇರ ಅಂಗಡಿಗೆ ಬಂದಳು. ಕಂಬಳಿ ತೊಯ್ದಿತ್ತು, ರಟ್ಟಿನ ಕಿವಿ ಜೋತಿತ್ತು. ಕೈಯಲ್ಲಿ ಬಹುಮಾನದ ದೊಡ್ಡ ಕಪ್ಪು. ಮುಖ ಮಾತ್ರ ಸಪ್ಪಗೆ.

"ಫಸ್ಟ್ ಪ್ರೈಜಾ?"

"ಹೂಂ ಅಂಕಲ್. ಮಲೆನಾಡಿನ ಸಾಂಪ್ರದಾಯಿಕ ಉಡುಗೆ ವಿಭಾಗದಲ್ಲಿ."

ಆ ವಿಭಾಗಕ್ಕೆ ಅವಳು ಹೆಸರನ್ನೇ ಕೊಟ್ಟಿರಲಿಲ್ಲ. ಮಳೆಯಲ್ಲಿ ನೆನೆದು ವೇದಿಕೆ ಹತ್ತಿದ್ದಾಳೆ. ವಯಸ್ಸಾದ ತೀರ್ಪುಗಾರರು ಗಾಳಿಯನ್ನೊಮ್ಮೆ ಮೂಸಿ, "ಕಂಬಳಿಕೊಪ್ಪೆ ಅಲ್ವೇನಮ್ಮ? ಈ ವಾಸನೆ ಕಾಣದೆ ಎಷ್ಟು ಕಾಲ ಆಗಿತ್ತು" ಎಂದು ಕಣ್ಣೊರೆಸಿಕೊಂಡರಂತೆ.

"ಕಿವಿ ನೋಡ್ಲಿಲ್ವಾ ಅವ್ರು?"

"ನೋಡಿದ್ರು. ಒಳಗಿನ ಅಡಿಕೆ ಹಾಳೆಟೊಪ್ಪಿ ಹರಿದು ಆಚೆ ಬಂದಿದೆ, ಸರಿಮಾಡ್ಕೋ ಅಂದ್ರು." ಅವಳ ದನಿ ಇಳಿಯಿತು. "ಒಬ್ರೂ ಗುರ್ತು ಹಿಡೀಲಿಲ್ಲ."

ನನಗೆ ನಿಜಕ್ಕೂ ಬೇಜಾರಾಯಿತು. ಕೆಡಿಸಿದ್ದು ನನ್ನ ಕಂಬಳಿಯೇ. ಏನು ಹೇಳುವುದೆಂದು ಹುಡುಕುತ್ತಿದ್ದಾಗ ಹೆಂಡತಿ ಒಳಗಿನಿಂದ ಕಾಫಿ ಲೋಟ ಹಿಡಿದು ಬಂದಳು. ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಅಯ್ಯೋ, ನಮ್ಮ ಮಂತ್ರಗಾತಿ. ಒಬ್ಳೇ ಬಂದ್ಯಲ್ಲೇ, ಆಡು ಎಲ್ಲಿ?"

ಹುಡುಗಿ ತಲೆಯೆತ್ತಿದಳು. ಜೋತ ಕಿವಿಗಳ ನಡುವೆ ಅವಳ ಮುಖ ಅರಳಿದ್ದನ್ನು ನೋಡಿ ನನಗೂ ಖುಷಿಯಾಯಿತು.

"ಗುರ್ತು ಸಿಕ್ತಾ ಆಂಟಿ?"

"ಸಿಗ್ದೇ ಏನು? ಕೊನೇ ಭಾಗದ ತನಕ ನೋಡಿದೀನಿ. ಆ ಆಡನ್ನ ಬಿಟ್ಟು ಬಂದಿದ್ದೇ ಒಳ್ಳೇದಾಯ್ತು. ರಾಕ್ಷಸರ ರಾಜ ಅದೇ ಅಲ್ವಾ."

ಹುಡುಗಿ ಕಪ್ಪನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಆಂಟಿ, ನಾನಿನ್ನೂ ಎಂಟನೇ ಭಾಗದಲ್ಲಿದೀನಿ."