ಅರಿಶಿನ ಕುಂಕುಮಕ್ಕೆ ಯಾರು ಬರಬೇಕು?

ಮಕ್ಕಳು ಓದಿ ಮುಂದೆ ಬರಲಿ ಎಂದು ಹರಸುವ ಅಪ್ಪಂದಿರು, ಅವರು ಓದಿದ್ದನ್ನೆಲ್ಲ ಹೊತ್ತುಕೊಂಡು ಹಬ್ಬಕ್ಕೆ ಮನೆಗೇ ಬರುತ್ತಾರೆಂಬುದನ್ನು ಮರೆತಿರುತ್ತಾರೆ. ನನ್ನ ಮಗಳು ಸ್ಮಿತಾ ನಾಶಿಕ್‌ನಲ್ಲಿ ಕಾನೂನು ಪಾಠ ಮಾಡುತ್ತಾಳೆ. ಈ ಸಂಕ್ರಾಂತಿಗೆ ಸಂಭಾಜಿನಗರದ ನಮ್ಮ ಫ್ಲ್ಯಾಟಿಗೆ ದ್ರಾಕ್ಷಿ ಪೆಟ್ಟಿಗೆಯ ಜೊತೆ ಸ್ತ್ರೀವಾದಿ ನ್ಯಾಯಶಾಸ್ತ್ರವನ್ನೂ ತಂದಳು.

ಅಂದು ಸಂಜೆ ನಾಲ್ಕಕ್ಕೆ ನನ್ನ ಹೆಂಡತಿಯ ಅರಿಶಿನ ಕುಂಕುಮ. "ಯಾರ್ಯಾರನ್ನ ಕರದೀ ಮಮ್ಮಿ?" ಎಂದು ಮಗಳು ಕೇಳಿದಳು. "ಬಿಲ್ಡಿಂಗಿನ ಎಲ್ಲಾ ಹೆಣ್ಮಕ್ಕಳನ್ನ." "ಅತ್ತಿನ್ನ?" ಹೆಂಡತಿ ಬೆಲ್ಲ ಕುಟ್ಟತೊಡಗಿದಳು. ಅತ್ತಿ ಎಂದರೆ ನನ್ನ ಅಕ್ಕ ಗಂಗಮ್ಮ. ಗಂಡ ತೀರಿಕೊಂಡ ಮೇಲೆ ಹುಮನಾಬಾದಿನಿಂದ ಬಂದು ನಮ್ಮಲ್ಲೇ ಇದ್ದಾಳೆ. ಪ್ರತಿ ವರ್ಷ ಎಳ್ಳುಂಡೆ ಕಟ್ಟಿಕೊಟ್ಟು, ಹೆಂಗಸರು ಬರುವ ಹೊತ್ತಿಗೆ ಹಿಂದಿನ ಕೋಣೆ ಸೇರುತ್ತಾಳೆ. ಯಾರೂ ಕಳಿಸುವುದಿಲ್ಲ, ಅವಳೇ ಹೋಗುತ್ತಾಳೆ ಎಂದು ನಾವೆಲ್ಲ ನಂಬಿದ್ದೆವು.

"ಅಲಕಾಬಾಯಿನ್ನ?" ಅಲಕಾ ನಮ್ಮ ಪಾತ್ರೆ ತೊಳೆಯುವವಳು, ಅವಳೂ ವಿಧವೆ. "ಆಕಿಗೆ ನಾಲ್ಕಕ್ಕ ಮ್ಯಾಲಿನ ಮನಿ ಕೆಲಸ ಇರ್ತದಲ್ಲ."

ಮಗಳು ಬಿಡಲಿಲ್ಲ. "ನೋಡು, ಹೆಣ್ಮಗಳು ಅಂದ್ರ ಗಂಡ ಇದ್ದಾಕಿ, ನಾಲ್ಕಕ್ಕ ಪುರುಸೊತ್ತು ಇದ್ದಾಕಿ ಅಂತ ತಿಳ್ಕೊಂಡೀ. ಕಾನೂನೂ ಹಿಂಗೇ ಮಾಡ್ತದ. ಅಲಕಾಗ ಹೆಣ್ಣು ಅಂತ, ಜಾತಿ ಅಂತ, ಬಡವಿ ಅಂತ ಪೆಟ್ಟು ಎಲ್ಲಾ ಕೂಡೇ ಬೀಳ್ತಾವ. ಕೋರ್ಟು ಮಾತ್ರ, ಅದರಾಗ ಯಾವುದರೆ ಒಂದು ಹೇಳು ಅಂತದ!"

"ಲೆಕ್ಚರ್ ನಾಶಿಕ್‌ನಾಗ ಕೊಡವ್ವಾ, ಇಲ್ಲಿ ಎಳ್ಳು ಹುರಿ," ಎಂದಳು ಹೆಂಡತಿ.

ನಾನು ಪತ್ರಿಕೆಯವನು. ಎರಡೂ ಕಡೆಯ ಹೇಳಿಕೆ ಕೇಳಿ, ಯಾವ ಕಡೆಗೂ ವಾಲದೆ, ಚಹಾ ಕುಡಿದೆ. ಕೊನೆಗೆ ಹೆಂಡತಿ ಸೋತು, ಅಲಕಾಳ ಕೆಲಸ ಮುಗಿಯಲೆಂದು ಸಮಯವನ್ನು ಏಳಕ್ಕೆ ಬದಲಿಸಿದಳು. ಮಗಳು ಕೇಸು ಗೆದ್ದ ಗತ್ತಿನಲ್ಲಿ ಅಕ್ಕನ ಬಳಿ ಹೋಗಿ, "ಅತ್ತಿ, ಈ ಸಲ ನೀವೂ ಹಾಲ್‌ನಾಗ ಕೂಡ್ತೀರಿ," ಎಂದು ತೀರ್ಪು ಓದಿದಳು.

"ಏಳಕ್ಕ ನನ್ನ ಸೀರಿಯಲ್ ಇರ್ತದ," ಎಂದಳು ಅಕ್ಕ. "ಒಳಗ ಹೋಗಂದ್ರ ಹೋಗಬೇಕು, ಹೊರಗ ಕೂಡಂದ್ರ ಕೂಡಬೇಕು. ನನ್ನ ಯಾರರೆ ಕೇಳೀರೇನು?"

ಮಗಳ ಮುಖ ಸಣ್ಣದಾಯಿತು. "ಈಗ ಕೇಳ್ತೀನ್ರಿ ಅತ್ತಿ. ನಿಮಗ ಹ್ಯಾಂಗ ಬೇಕು?"

"ಅಲಕಾನ್ನ ಕೇಳಿ ಆರಕ್ಕ ಮಾಡ್ರಿ. ಮತ್ತ ನಾವಿಬ್ಬರೂ ಸೋಫಾದ ಮ್ಯಾಲ ಕೂಡೋರು. ಚಾಪಿ ಮ್ಯಾಲ ಅಲ್ಲ."

ಆರಕ್ಕೆ ಇಬ್ಬರೂ ಸೋಫಾದ ನಡುವೆ ಕೂತರು. ಹೆಂಡತಿಯ ಕೈ ಕುಂಕುಮದ ಬಟ್ಟಲ ಮೇಲೆ ಒಂದು ಕ್ಷಣ ತಡೆದು ನಿಂತಿತು. "ನೆಟ್ಟಗ ಹಚ್ಚವ್ವಾ, ಫೋಟೋ ತಗೀಲಿಕ್ಹತ್ಯಾರ," ಎಂದಳು ಅಕ್ಕ. ಕೈ ನೆಟ್ಟಗೆ ಹಚ್ಚಿತು.

ಹಾಲ್‌ನಲ್ಲಿ ಗಂಡಸರಿಗೆ ಜಾಗವಿರಲಿಲ್ಲ. ಹಿಂದಿನ ಕೋಣೆ ಸೇರಿದೆ. ಅಲ್ಲಿಂದ ನಗು ಕೇಳಿಸುತ್ತದೆ, ಯಾವುದಕ್ಕೆ ನಕ್ಕರೆಂಬುದು ಕೇಳಿಸುವುದಿಲ್ಲ. ಚಹಾ ಬೇಕೆಂದು ಕೂಗಿದೆ. ಇನ್ನೊಮ್ಮೆ ಕೂಗಿದ ಮೇಲೆ ಅಕ್ಕನ ದನಿ ಬಂತು: "ತಡೀಯೋ! ಎಳ್ಳುಂಡಿ ಉಳಿದ್ರ ಕಳಸ್ತೀವಿ."

ಉಳಿಯಲಿಲ್ಲವೆಂದು ಆಮೇಲೆ ವಿಶ್ವಸನೀಯ ಮೂಲಗಳಿಂದ ತಿಳಿದುಬಂತು.