ಅತ್ತೆಯ ಬೆರಳು ಮುಟ್ಟದ ಪುಟ

ನನ್ನದೊಂದು ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಯಾವುದನ್ನೂ ನಿರ್ಧರಿಸಲು ಬರುವುದಿಲ್ಲ. ಹೋಟೆಲಿನಲ್ಲಿ ಮೆನು ಕಾರ್ಡನ್ನು ಎರಡು ಸಲ ಓದಿ, ಕೊನೆಗೆ ಪಕ್ಕದ ಟೇಬಲ್ಲಿನವರು ತಿನ್ನುತ್ತಿರುವುದನ್ನೇ ತೋರಿಸುತ್ತೇನೆ. ಗಾಂಧಿನಗರದ ನಮ್ಮ ಮನೆಯ ಪರದೆಯ ಬಣ್ಣ, ನನ್ನ ಅಂಗಿಯ ಬಣ್ಣ ಎರಡೂ ಹೆಂಡತಿ ಸಾವಿತ್ರಿಯ ತೀರ್ಮಾನ. ಇಂಥ ನನಗೆ ಸಿಕ್ಕ ಕೆಲಸವೇನೆಂದರೆ, ಹೊಸ ಔಷಧಿಯ ಪ್ರಯೋಗಕ್ಕೆ ಸೇರಬೇಕೋ ಬೇಡವೋ ಎಂದು ರೋಗಿಗಳು ತಾವೇ ನಿರ್ಧರಿಸಲು ನೆರವಾಗುವ ಒಂದು ಆನ್‌ಲೈನ್ ಪುಟ ತಯಾರಿಸುವುದು. ಕೆಲಸ ಕೊಟ್ಟವರಿಗೆ ನನ್ನ ಪರಿಚಯ ಅಷ್ಟಾಗಿ ಇರಲಿಲ್ಲ.

ತಿಂಗಳುಗಟ್ಟಲೆ ಕೂತು ಮಾಡಿದೆ. ಹನ್ನೆರಡು ಪ್ರಶ್ನೆ, ಪ್ರತಿಯೊಂದಕ್ಕೂ ಹೌದು, ಇಲ್ಲ ಎಂಬ ಗುಂಡಿ. ಕೊನೆಯಲ್ಲಿ ನಿಮ್ಮ ಮನಸ್ಸು ಯಾವ ಕಡೆ ವಾಲಿದೆ ಎಂದು ತೋರಿಸುವ ಹಸಿರು ಪಟ್ಟಿ. ‘ಬೇಡವೆಂದರೂ ನಿಮ್ಮ ಈಗಿನ ಚಿಕಿತ್ಸೆ ನಿಲ್ಲುವುದಿಲ್ಲ’ ಎಂಬ ವಾಕ್ಯ ಮಾತ್ರ ಎಲ್ಲಿಟ್ಟರೂ ಅಂದ ಕೆಡಿಸುತ್ತಿತ್ತು. ಅದನ್ನು ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ಕೂರಿಸಿದೆ.

ಅಷ್ಟರಲ್ಲಿ ಸಿರುಗುಪ್ಪದ ನನ್ನ ಸೋದರತ್ತೆ ಗೌರಮ್ಮನವರನ್ನು, ಮೊಣಕಾಲು ನೋವಿನ ಹೊಸ ಮಾತ್ರೆಯ ಪ್ರಯೋಗಕ್ಕೆ ಸೇರುತ್ತೀರಾ ಎಂದು ಅವರ ಡಾಕ್ಟರು ಕೇಳಿದ್ದರು. ಸೋಮವಾರ ಉತ್ತರ ಹೇಳಬೇಕಿತ್ತು. ನಾನು ಭಾನುವಾರವೇ ಉತ್ಸಾಹದಿಂದ ಬಸ್ಸು ಹತ್ತಿದೆ. ಅತ್ತೆಗೆ ಕನ್ನಡಕ ಸಿಗುವುದು ತಡವಾಗುತ್ತದೆಂದು ಮಾವ ಪುಟ ತೆರೆದಿದ್ದ ನನ್ನ ಫೋನು ಇಸಕೊಂಡು ನಾಲ್ಕು ಪ್ರಶ್ನೆ ಮುಗಿಸಿದರು. ಮಗ ನಾಲ್ಕು ಒತ್ತಿದ. ‘ಭಯವಾಗುತ್ತದೆಯೇ?’ ಎಂಬುದಕ್ಕೆ ಸೊಸೆ, ನಮ್ಮತ್ತೆಗೆ ಎಂಥ ಭಯ ಎಂದು ಅಭಿಮಾನದಿಂದ ‘ಇಲ್ಲ’ ಒತ್ತಿದಳು. ಉಳಿದದ್ದಕ್ಕೆ ಎಲ್ಲರೂ ಸೇರಿ ಚರ್ಚೆ ಮಾಡಿದರು. ಪಟ್ಟಿ ತುಂಬ ಹಸಿರಾಯಿತು. ಅತ್ತೆ ಆ ಹೊತ್ತಿನಲ್ಲಿ ನಮಗೆಲ್ಲ ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದರು.

ತಟ್ಟೆ ಹಿಡಿದು ಕುಂಟುತ್ತ ಬಂದವರಿಗೆ, ಸೇರಲು ನಿಮ್ಮ ಮನಸ್ಸು ಪೂರ್ತಿ ಸಿದ್ಧವಿದೆ ಎಂದು ಗಂಭೀರವಾಗಿ ತಿಳಿಸಿದೆ.

“ನನ್ನ ಮನಸು ನನ್ನೊಬ್ಬಾಕಿನ್ನ ಬಿಟ್ಟು ಎಲ್ರಿಗೂ ಗೊತ್ತಾತು ಬಿಡು,” ಎಂದರು ಅತ್ತೆ. ಆಮೇಲೆ ದನಿ ತಗ್ಗಿಸಿ, “ಒಂದು ಹೇಳಪ್ಪ. ನಾ ಬ್ಯಾಡ ಅಂದ್ರ ಡಾಕ್ಟರು ಇನ್ನ ನನ್ನ ಕಾಲು ನೋಡ್ತಾರೋ ಇಲ್ಲೋ?”

ನಾನು ಪುಟವನ್ನು ಜಾರಿಸುತ್ತಾ ಜಾರಿಸುತ್ತಾ ತಳಕ್ಕೆ ಹೋದೆ. ಕನ್ನಡಕ ಸಿಕ್ಕರೂ ಆ ಅಕ್ಷರ ಅವರಿಗೆ ಕಾಣಲಿಲ್ಲ. ನಾನೇ ಓದಿ ಹೇಳಬೇಕಾಯಿತು. ಅತ್ತೆ ಕುರ್ಚಿಯ ಮೇಲೆ ಕೂತುಬಿಟ್ಟರು.

“ಇದನ್ನ ಮೊದ್ಲ ಹೇಳಬಾರದಾ? ವಾರದಿಂದ ನಿದ್ದಿ ಇಲ್ಲ ನನಗ.”

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಅತ್ತೆ ಫೋನು ಕಿತ್ತುಕೊಂಡು, ಎಲ್ಲರನ್ನೂ ಸುಮ್ಮನೆ ಕೂರಿಸಿ, ಮೊದಲ ಪ್ರಶ್ನೆಯಿಂದ ತಾವೇ ಒತ್ತಿದರು. ‘ಭಯವಾಗುತ್ತದೆಯೇ?’ ಎಂಬುದಕ್ಕೆ ‘ಹೌದು’ ಒತ್ತಿ ಸೊಸೆಯ ಕಡೆ ನೋಡಿದರು. ಸೋಮವಾರ ಬೇಡವೆಂದು ಹೇಳಿ ಬಂದರು. ಡಾಕ್ಟರು ಮರುಮಾತಿಲ್ಲದೆ ಹಳೆಯ ಮಾತ್ರೆಯನ್ನೇ ಬರೆದುಕೊಟ್ಟರಂತೆ.

ಆ ವಾಕ್ಯ ಈಗ ಪುಟದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿದೆ. ಅದರ ಕೆಳಗೆ ‘ಉತ್ತರಗಳನ್ನು ರೋಗಿಯೇ ಒತ್ತಬೇಕು’ ಎಂದೂ ಸೇರಿಸಿದ್ದೇನೆ. ಮೊನ್ನೆ ನನ್ನ ಸಕ್ಕರೆ ಕಾಯಿಲೆಯ ಡಾಕ್ಟರು ಇಂಥದ್ದೇ ಒಂದು ಪ್ರಯೋಗಕ್ಕೆ ನನ್ನನ್ನು ಕರೆದರು. ಮನೆಗೆ ಬಂದು ನನ್ನದೇ ಪುಟ ತೆರೆದೆ. ಎರಡೂ ಸಾಲುಗಳನ್ನು ಎರಡೆರಡು ಸಲ ಓದಿದೆ. ಬಹಳ ಚೆನ್ನಾಗಿ ಬರೆದಿದ್ದೇನೆ ಅನ್ನಿಸಿತು. ಎದ್ದು ಅಡುಗೆಮನೆಗೆ ಹೋಗಿ ಫೋನನ್ನು ಸಾವಿತ್ರಿಯ ಕೈಗೆ ಕೊಟ್ಟೆ.